ಅರ್ಧ ಕಟಿಂಗ್‌ನ ಮೂರು ವಾರ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಅಂಗಡಿಯ ಗೋಡೆಯ ಮೇಲೆ, ಲೈಸೆನ್ಸಿನ ಚೌಕಟ್ಟಿನೊಳಗೆ ಪೌಡರಿನ ಧೂಳು ಹಿಡಿದು ಕೂತಿತ್ತು; ಓದಿದವರು ಯಾರೂ ಇಲ್ಲ. ಬೀದಿಗೆಲ್ಲ ಅವನು ಅಲುಗ್ಬೇಡ ಮಾಮ. ಮೂವತ್ತೊಂದು ವರ್ಷದಿಂದ ಮಕ್ಕಳಿಗೆ ಕಟಿಂಗ್ ಮಾಡುತ್ತ ದಿನಕ್ಕೆ ನೂರು ಸಲ ಅದೊಂದೇ ಮಾತು ಆಡಿದವನಿಗೆ ಬೇರೆ ಯಾವ ಹೆಸರು ತಾನೆ ಅಂಟೀತು? ಅವನ ಕೈಯಲ್ಲಿ ಮೊದಲ ಕಟಿಂಗ್ ಮಾಡಿಸಿಕೊಂಡವರು ಈಗ ತಮ್ಮ ಮಕ್ಕಳನ್ನು ಕರೆತರುತ್ತಿದ್ದರು, ಅವರೂ ಹಾಗೇ ಕರೆಯುತ್ತಿದ್ದರು.

ಮಕ್ಕಳ ಕ್ಷೌರ ಎಂದರೆ ಏನೆಂದು ಮಾಡಿ ನೋಡಿದವರಿಗೇ ಗೊತ್ತು. ದೊಡ್ಡವರ ತಲೆ ಇಟ್ಟಲ್ಲಿ ಇರುತ್ತದೆ. ಮಕ್ಕಳದು ಕತ್ತರಿ ಇತ್ತ ಬಂದರೆ ಅತ್ತ ಹೋಗುತ್ತದೆ. ಮಾಮನ ಅಪ್ಪನೂ ಇದೇ ಕಸುಬಿನವನು, ಅವನ ವಿಧಾನ ಬಹಳ ಸರಳ: ಮಗುವನ್ನು ಎರಡು ಮೊಣಕಾಲಿನ ನಡುವೆ ಇಕ್ಕಿ, ಗದ್ದ ಹಿಡಿದು, ಅದು ಬೊಬ್ಬೆ ಹೊಡೆದು ಮುಗಿಸುವಷ್ಟರಲ್ಲಿ ತಾನು ಕಟಿಂಗ್ ಮುಗಿಸುವುದು. ಮಾಮ ತನ್ನ ಬಾಲ್ಯದ ಕಟಿಂಗುಗಳನ್ನೆಲ್ಲ ಆ ಮೊಣಕಾಲುಗಳ ನಡುವೆಯೇ ಮಾಡಿಸಿಕೊಂಡವನು. ಕತ್ತರಿ ತನ್ನ ಕೈಗೆ ಬಂದ ದಿನವೇ ಅವನು ತೀರ್ಮಾನ ಮಾಡಿಬಿಟ್ಟ, ನನ್ನ ಕುರ್ಚಿಯಲ್ಲಿ ಯಾವ ಮಗುವೂ ಅಳಬಾರದು ಎಂದು.

ಹೇಳುವುದು ಸುಲಭ. ಕೀಲಿ ಕೊಟ್ಟರೆ ತಾಳ ಹೊಡೆಯುವ ಕೋತಿ ತಂದ, ಅದನ್ನು ನೋಡಿ ಮಕ್ಕಳು ಇನ್ನೂ ಜೋರಾಗಿ ಅತ್ತವು. ಬಾಯಲ್ಲಿ ಹಕ್ಕಿಗಳ ಕೂಗು ಕೂಗಿದ, ಮಕ್ಕಳು ಹಕ್ಕಿ ಎಲ್ಲಿ ಎಂದು ತಿರುಗಿ ತಿರುಗಿ ನೋಡಿದವು. ಕೊನೆಗೆ ಮೂರು ವರ್ಷದ ಹಿಂದೆ, ಮಕ್ಕಳ ಕುರ್ಚಿಯ ಎದುರು, ಕನ್ನಡಿಯ ಕೆಳಗೆ ಒಂದು ಸಣ್ಣ ಪರದೆ ಹಾಕಿಸಿ, ಒಂದು ಗೇಮ್ ಯಂತ್ರ ತಂದಿಟ್ಟ. ಆಡುವ ಹಿಡಿಯನ್ನು ಮೈಗೆ ಹೊದಿಸಿದ ಬಟ್ಟೆಯ ಕೆಳಗೆ ಮಗುವಿನ ಕೈಗೆ ಕೊಟ್ಟುಬಿಟ್ಟರೆ ಮುಗಿಯಿತು. ಅಂಗಡಿಯಲ್ಲಿ ಅಳು ನಿಂತೇ ಹೋಯಿತು.

ತಮಾಷೆ ಏನೆಂದರೆ, ಮಾಮ ಒಂದು ದಿನವೂ ಆಟ ಆಡಿದವನಲ್ಲ. ಆಟಗಳೆಲ್ಲ ಅವನಿಗೆ ಗೊತ್ತಿದ್ದದ್ದು ಮಕ್ಕಳ ಕತ್ತಿನ ಹಿಂಭಾಗದಿಂದ. ಕಾರಿನ ಆಟ ಕಿವಿಗೆ ಅಪಾಯ, ತಿರುವು ಬಂದಾಗಲೆಲ್ಲ ತಲೆಯೂ ವಾಲುತ್ತದೆ. ಗುಂಡು ಹಾರಿಸುವ ಆಟದಲ್ಲಿ ಭುಜ ಕುಣಿಯುತ್ತದೆ. ಇಟ್ಟಿಗೆ ಜೋಡಿಸುವ ಆಟ ಪರವಾಗಿಲ್ಲ, ಹಿಂದಲೆ ಮಾಡುವಾಗ ಕೊಡಬಹುದು. ಎಲ್ಲಕ್ಕಿಂತ ಉತ್ತಮ ಮೀನು ಹಿಡಿಯುವ ಆಟ. ಒಂದು ಕೆರೆ, ಒಂದು ದೋಣಿ, ನೀರಿನ ಮೇಲೆ ತೇಲುವ ಗಾಳದ ಬೆಂಡು. ಬೆಂಡು ಮುಳುಗುವ ತನಕ ಉಸಿರು ಬಿಗಿಹಿಡಿದು ಕೂರಬೇಕು. ಮಗು ಕಲ್ಲಿನ ಹಾಗೆ ಕೂತಿರುತ್ತದೆ, ಮಾಮ ಕೆಲಸ ಮುಗಿಸಿರುತ್ತಾನೆ. ಬೆಂಡು ಅಲುಗಿದಾಗಲಂತೂ ಮಗುವಿಗೆ ಲೋಕವೇ ಮರೆತುಹೋಗುತ್ತದೆ. ಕಷ್ಟದ ಜಾಗ, ಕಿವಿಯ ಹಿಂದೆ, ಹಣೆಯ ಅಂಚು, ಎಲ್ಲವನ್ನೂ ಅವನು ಆ ಗಳಿಗೆಗೆ ಎತ್ತಿಡುತ್ತಿದ್ದ. ಈ ಜಾಣತನದ ಬಗ್ಗೆ ಅವನಿಗೆ ಬಹಳ ಹೆಮ್ಮೆ. "ಕತ್ತರಿ ಬಂದದ್ದೂ ಗೊತ್ತಾಗ್ಬಾರ್ದು, ಹೋದದ್ದೂ ಗೊತ್ತಾಗ್ಬಾರ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಮೀನಿನ ಕೆರೆ ಯಾರಿಗೆ ಬೇಕಿರಲಿ ಬಿಡಲಿ, ಒಬ್ಬ ಹುಡುಗಿಗೆ ಬೇಕೇ ಬೇಕಿತ್ತು. ಎರಡು ಅಂಗಡಿ ಆಚೆ ಕನ್ನಡಕದ ಅಂಗಡಿ ಇಟ್ಟಿದ್ದವಳ ಮಗಳು, ಒಂಬತ್ತು ವರ್ಷ. ಅವಳ ತಲೆಗೆ ಬೇರೆಯವರ ಕೈ ತಾಗಿದರೆ ಕೆಂಡ ತಾಗಿದ ಹಾಗೆ. ಹೆತ್ತ ತಾಯಿಯೂ ಬಾಚುವ ಹಾಗಿಲ್ಲ. ತಾನೇ ಬಾಚಿಕೊಂಡಷ್ಟು ಬಾಚಿಕೊಂಡಳು, ಉಳಿದದ್ದು ಗಂಟು. ಟೋಪಿ ಆಗದು, ರಿಬ್ಬನ್ ಆಗದು. ಬೇರೆ ಎರಡು ಅಂಗಡಿಗಳಲ್ಲಿ ಮೇಜು ಕುರ್ಚಿ ಉರುಳಿಸಿ ಓಡಿಬಂದ ಮೇಲೆ ತಾಯಿ ಅವಳನ್ನು ಮಾಮನ ಹತ್ತಿರ ತಂದಿದ್ದಳು. ಮೀನಿನಾಟದ ಎದುರು ಅವಳು ಕೂತಳು. ಎರಡು ವರ್ಷ, ಆರು ವಾರಕ್ಕೊಮ್ಮೆ, ಅದೇ ಕೆರೆ, ಅದೇ ಬೆಂಡು. ಈ ಮಗುವಿನ ಕಟಿಂಗನ್ನು ಮಾಮ ತನ್ನ ಜೀವನದ ದೊಡ್ಡ ಕೆಲಸ ಎಂದೇ ತಿಳಿದಿದ್ದ, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದ.

ಈ ಸಲ ಆ ಕಟಿಂಗ್‌ಗೆ ಇನ್ನೂ ಒಂದು ತೂಕ ಬಂದಿತ್ತು. ಹುಡುಗಿ ಈಜು ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಏನನ್ನೂ ಕೇಳದ ಮಗು ತಾನಾಗಿ ಕೇಳಿದ ಮೊದಲ ವಿಷಯ ಅದು, ತಾಯಿಗೆ ಸ್ವರ್ಗ ಮೂರೇ ಗೇಣು. ಈಜುಕೊಳದ ನಿಯಮ ಮಾತ್ರ ಖಡಾಖಂಡಿತ: ತಲೆಗೆ ರಬ್ಬರ್ ಟೋಪಿ ಹಾಕಬೇಕು, ಇಲ್ಲವಾದರೆ ಕೂದಲು ಕಿವಿಗಿಂತ ಮೇಲಿರಬೇಕು. ಟೋಪಿಯ ಮಾತೇ ಇಲ್ಲ. ತರಗತಿ ಶುರುವಾಗಲು ಮೂರು ವಾರ ಇತ್ತು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಕುರ್ಚಿ ಹತ್ತಿದಳು. ಬಲಗಡೆ ಮುಗಿಯಿತು. ಮಾಮ ಎಡಗಡೆಗೆ ಬಂದು ಕೂದಲು ಕತ್ತರಿಸುವ ಮೆಷಿನ್ ಹಿಡಿದು ನಿಂತ. ಬೆಂಡು ಒಮ್ಮೆ ಅಲುಗಿತು. ಇನ್ನೇನು ಮುಳುಗಬೇಕು, ಆಗ ಪರದೆಯ ಮೇಲೆ ಒಂದು ಫಲಕ ಬಂತು: ಹೊಸ ಅಪ್‌ಡೇಟ್ ಸಿದ್ಧವಾಗಿದೆ, ಯಂತ್ರ ಹತ್ತು ಸೆಕೆಂಡಿನಲ್ಲಿ ಮರುಪ್ರಾರಂಭವಾಗುತ್ತದೆ. ಬೇಡ ಎನ್ನಲು ಗುಂಡಿಯೇ ಇಲ್ಲ. ಹತ್ತು, ಒಂಬತ್ತು, ಎಂಟು. ಹುಡುಗಿಯ ಭುಜ ಬಿಗಿಯಾಯಿತು. ಪರದೆ ಕಪ್ಪಾಯಿತು, ಎರಡು ವರ್ಷದ ಕೆರೆ ಕಣ್ಣೆದುರೇ ಮಾಯವಾಯಿತು. ಆಗಲೇ ಅವಳಿಗೆ ತನ್ನ ತಲೆಯ ಮೇಲೆ ಒಂದು ಕೈ ಇದೆ, ಕಿವಿಯ ಪಕ್ಕ ಒಂದು ಮೆಷಿನ್ ಗುಂಯ್‌ಗುಡುತ್ತಿದೆ ಎಂಬುದು ಗೊತ್ತಾದದ್ದು. ಅವಳು ಕಿರುಚಿ ತಲೆ ಕೊಡವಿದಳು. ಮೆಷಿನ್ ಎಡಗಿವಿಯ ಮೇಲೆ ಬೆರಳಗಲದ ಒಂದು ಕಾಲುದಾರಿ ಮಾಡಿಬಿಟ್ಟಿತು. ಗಾಯ ಏನೂ ಆಗಲಿಲ್ಲ. ಹುಡುಗಿ ಮಾತ್ರ ಕೊರಳಿನ ಬಟ್ಟೆ ಸಮೇತ ಕುರ್ಚಿಯಿಂದ ಹಾರಿ ಬೀದಿಗಿಳಿದು ಓಡಿದಳು.

ಬಲಗಡೆ ಗಿಡ್ಡ, ಎಡಗಡೆ ಭುಜದ ತನಕ ಗಂಟು, ನಡುವೆ ಕಾಲುದಾರಿ. ಸಾಯಂಕಾಲ ತಾಯಿ ಬಟ್ಟೆ ಹಿಂದಿರುಗಿಸಲು ಬಂದು, "ಮಂಚದ ಕೆಳಗಿಂದ ಬರ್ತಾ ಇಲ್ಲ. ನಿಮ್ಮ ತಪ್ಪಲ್ಲ, ಗೊತ್ತು" ಎಂದಳು. ಆ ಎರಡನೆಯ ಮಾತು ಮಾಮನಿಗೆ ಚುಚ್ಚಿದಷ್ಟು ಮೊದಲನೆಯದು ಚುಚ್ಚಲಿಲ್ಲ.

ಅಪ್‌ಡೇಟ್ ಆದ ಮೇಲೆ ಯಂತ್ರದ ಮುಖವೇ ಬದಲಾಗಿತ್ತು. ಆನ್ ಮಾಡಿದರೆ ಮೊದಲು ಮೂರು ಜಾಹೀರಾತು ಕುಣಿಯುತ್ತವೆ. ಆಮೇಲೆ ಖಾತೆ ತೆರೆ, ಹುಟ್ಟಿದ ದಿನ ಹೇಳು, ಒಪ್ಪಿಗೆ ಕೊಡು. ಇಷ್ಟೆಲ್ಲ ಆಗಿ ಕೆರೆ ತೆರೆದರೂ ಮೂಲೆಯಲ್ಲಿ ಏನೋ ಒಂದು ಮಿಣಮಿಣ ಮಿನುಗುತ್ತಿರುತ್ತದೆ. ಮಾಮ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಸಕ್ಕರೆ ಸುರಿಯುವ ದನಿಯ ಒಬ್ಬಳು, "ನಿಮ್ಮ ಅನುಭವ ಈಗ ಇನ್ನಷ್ಟು ಉತ್ತಮವಾಗಿದೆ" ಎಂದಳು. "ನನ್ನ ಅನುಭವ ನಾನು ಹೇಳ್ಬೇಕಲ್ವೇನಮ್ಮ?" ಎಂದ ಮಾಮ. ಅದು ರೆಕಾರ್ಡ್ ಮಾಡಿದ ದನಿ ಎಂದು ತಿಳಿಯಲು ಅವನಿಗೆ ಐದು ನಿಮಿಷ ಬೇಕಾಯಿತು.

ಒಂದು ವಾರ ಹೀಗೇ ಕಳೆಯಿತು. ಮುಂದಿನ ಭಾನುವಾರ ಊಟಕ್ಕೆ ನಾದಿನಿ ಬಂದಳು. ಹೆಂಡತಿಯ ತಂಗಿ, ಆಸ್ಪತ್ರೆಯೊಂದರಲ್ಲಿ ಕಿವಿಯಂತ್ರ ಹೊಂದಿಸುವ ಕೆಲಸ. ಕೈ ಸಣ್ಣ, ಬಾಯಿ ದೊಡ್ಡದು. ನಡೆದದ್ದೆಲ್ಲ ಕೇಳಿ ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಭಾವ, ಯಂತ್ರ ನಿಂದು. ಆದ್ರೆ ಅದನ್ನ ನಡೆಸೋ ಆಪರೇಟಿಂಗ್ ಸಿಸ್ಟಂ ಕಂಪನೀದು. ಅದು ಒಳಗೆ ಏನು ಮಾಡ್ತಿದೆ ಅಂತ ನೀನು ನೋಡೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ಅವರಿಗೆ ಬೇಕಾದಾಗ ಬರ್ತಾರೆ, ಬೇಕಾದ್ದು ಮಾಡ್ತಾರೆ. ಆಟಕ್ಕೆ ಅಂತಾನೇ ಮಾಡಿದ ಸ್ವತಂತ್ರ ಸಿಸ್ಟಂಗಳಿವೆ. ಅದನ್ನ ಹೇಗೆ ಬರೆದಿದ್ದಾರೆ ಅಂತ ಯಾರು ಬೇಕಾದ್ರೂ ಓದ್ಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು. ಅದನ್ನ ಹಾಕೋಣ."

"ಪುಕ್ಕಟೆನಾ?" ಎಂದ ಮಾಮ.

"ಪುಕ್ಕಟೆ ಅನ್ನೋದು ಮುಖ್ಯ ಅಲ್ಲ. ಯಜಮಾನ ಯಾರು ಅನ್ನೋದು ಮುಖ್ಯ."

ಹೆಂಡತಿ ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವಳು. ಹೊರಡುವುದು ಹೊರಡಬೇಕು, ತಲುಪುವುದು ತಲುಪಬೇಕು, ಉಳಿದದ್ದೆಲ್ಲ ಅವಳಿಗೆ ಬರೀ ಮಾತು. "ಮೂರು ವರ್ಷ ಗುಂಡಿ ಒತ್ತಿದ್ರೆ ನಡೀತಿತ್ತು. ಒಂದು ದಿನ ಕೈಕೊಡ್ತು ಅಂತ ಮನೆ ಬದಲಾಯಿಸ್ತೀರಾ? ನಿಂಗಂತೂ ಕಂಪನಿ ಅಂದ್ರೆ ಒಲ್ಲದ ಗಂಡ, ಮೊಸರಲ್ಲೂ ಕಲ್ಲು ಹುಡುಕ್ತೀಯ" ಎಂದು ತಂಗಿಯನ್ನು ತಿವಿದಳು.

ನಾದಿನಿ ನಗಲಿಲ್ಲ. ಅವಳ ಹತ್ತಿರ ಬರುವ ಒಬ್ಬ ಅಜ್ಜನ ಕಿವಿಯಂತ್ರ ಗಟ್ಟಿಮುಟ್ಟಾಗಿಯೇ ಇತ್ತಂತೆ. ಅದನ್ನು ಹೊಂದಿಸುವ ತಂತ್ರಾಂಶವನ್ನು ತಯಾರಿಸಿದವರು ನಿಲ್ಲಿಸಿಬಿಟ್ಟರು. ಬೇರೆಯವರು ತಿದ್ದೋಣ ಎಂದರೆ ಒಳಗಿನ ಬರಹ ಯಾರಿಗೂ ತೋರಿಸುವುದಿಲ್ಲ. "ಯಂತ್ರ ಸರಿ ಇದೆ, ಕಿವಿ ಕಾಯ್ತಾ ಇದೆ, ನಾನು ಎದುರಿಗೆ ಕೈಕಟ್ಟಿ ಕೂತಿದ್ದೆ. ಅವತ್ತಿಂದ ಹೀಗಾಗಿದೀನಿ, ಏನು ಮಾಡ್ಲಿ" ಎಂದಳು. ಅಕ್ಕ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಹಾಗೆಂದು ಸ್ವತಂತ್ರ ಸಿಸ್ಟಂ ಬಂದ ಕೂಡಲೇ ಹಾಲಿನ ಹೊಳೆ ಹರಿಯಲಿಲ್ಲ. ಮೊದಲ ದಿನ ಪರದೆ ಬಂತು, ಸದ್ದು ಬರಲಿಲ್ಲ. ಎರಡನೆಯ ದಿನ ಸದ್ದು ಬಂತು, ವೈಫೈ ಹೋಯಿತು. ಮೂರನೆಯ ದಿನ ಎರಡೂ ಬಂದವು, ಆಡುವ ಹಿಡಿ ತಾನು ಯಾರೆಂಬುದನ್ನೇ ಮರೆಯಿತು. ನಾದಿನಿ ಕೆಲಸ ಮುಗಿಸಿ ಬಂದು ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತು ತಿದ್ದುತ್ತಿದ್ದಳು. ಎಲ್ಲಿಯೋ ಯಾವುದೋ ದೇಶದ ಯಾರೋ ಗುರುತಿಲ್ಲದವರು, ಇದೇ ತೊಂದರೆ ತಮಗೂ ಆಗಿತ್ತೆಂದು ಬರೆದಿಟ್ಟಿದ್ದರು. ಅದನ್ನು ನೋಡಿಕೊಂಡು ಒಂದೊಂದೇ ಸರಿಯಾಯಿತು. ಹೆಂಡತಿ ಬಾಗಿಲಲ್ಲಿ ನಿಂತು, "ನಮ್ಮ ಡಿಪೋದಲ್ಲಿ ಬಸ್ಸು ಇಷ್ಟು ಹೊತ್ತು ನಿಂತ್ರೆ ಜನ ಗಾಜು ಒಡೀತಾರೆ" ಎಂದು ಹೇಳಿ ಹೋಗುತ್ತಿದ್ದಳು.

ನಾಲ್ಕನೆಯ ದಿನ ಕೆರೆ ತೆರೆಯಿತು. ಜಾಹೀರಾತಿಲ್ಲ, ಮಿನುಗಿಲ್ಲ. ದೋಣಿ, ನೀರು, ಬೆಂಡು.

"ಈ ಆಟ ಕೂಡ ಸ್ವತಂತ್ರನಾ?" ಎಂದು ಮಾಮ ಕೇಳಿದ.

"ಇಲ್ಲ" ಎಂದು ನಾದಿನಿ ಒಪ್ಪಿಕೊಂಡಳು. "ಆಟ ಅವರದ್ದೇ. ಮನೆ ಈಗ ನಿಂದು, ಒಳಗಿರೋ ಬಾಡಿಗೆದಾರ ಮಾತ್ರ ಹಳಬ. ತಾನು ಹಳೇ ಮನೇಲೇ ಇದೀನಿ ಅಂತ ಅವನು ನಂಬೋ ಹಾಗೆ ಮಧ್ಯೆ ಒಂದು ಪದರ ಹಾಕಿದೀನಿ. ನಾಳೆ ಅವನು ತಕರಾರು ತೆಗೆದ್ರೆ ನನ್ನ ಕೇಳ್ಬೇಡ."

ಮಾಮನಿಗೆ ಆ ಮಾತಿನ ಒಂದೇ ತುಂಡು ಕಿವಿಗೆ ಬಿದ್ದದ್ದು: ಮನೆ ಈಗ ನಿಂದು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಗುರುವಾರ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಮಾಮ ಒಂದು ಸ್ಟೂಲ್ ಹಾಕಿಕೊಂಡು ಕೂತು, ತನ್ನ ಹೊಸ ಸಿಸ್ಟಂನ ಒಳಗೆಲ್ಲ ಕಣ್ಣಾಡಿಸಿದ. ಸಾಲು ಸಾಲು ಕಡತ. ಕೆಲವು ಉದ್ದ, ಕೆಲವು ಗಿಡ್ಡ, ಕೆಲವು ಎಲ್ಲೆಂದರಲ್ಲಿ ಚಾಚಿಕೊಂಡಿವೆ. ಮೂವತ್ತೊಂದು ವರ್ಷ ಕತ್ತರಿ ಹಿಡಿದ ಕೈ ಅದು. ಚಾಚಿಕೊಂಡದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ನಾದಿನಿ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಒಂದನ್ನು ತೆಗೆದ. ಏನೂ ಆಗಲಿಲ್ಲ. ಇನ್ನೊಂದನ್ನು ತೆಗೆದ. ಆಗಲೂ ಏನೂ ಆಗಲಿಲ್ಲ. ಈಗ ಈ ಕಡೆ ಹೆಚ್ಚು ಉಳಿದಂತೆ ಕಂಡಿತು, ಆ ಕಡೆಯದಕ್ಕೆ ಸಮ ಮಾಡಲು ಇಲ್ಲಿಯೂ ನಾಲ್ಕು ತೆಗೆದ. ಆಗ ಆ ಕಡೆ ಹೆಚ್ಚಾಯಿತು. ಹೊಸ ಕ್ಷೌರಿಕರು ಎರಡೂ ಕೆನ್ನೆಯ ಕೂದಲು ಸಮ ಮಾಡಹೋಗಿ ಕಿವಿಯ ಮೇಲಕ್ಕೆ ಹತ್ತುತ್ತಾರಲ್ಲ, ಆ ತಪ್ಪನ್ನು ಇವನು ಐವತ್ತೆರಡನೆಯ ವಯಸ್ಸಿನಲ್ಲಿ, ಕತ್ತರಿಯೇ ಇಲ್ಲದೆ ಮಾಡಿದ. ನಾಲ್ಕು ಗಂಟೆಗೆ ಯಂತ್ರ ಆರಿಸಿ ಹಚ್ಚಿದರೆ ಪರದೆ ಬೋಳು.

"ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದನಂತೆ" ಎಂದು ಹೆಂಡತಿ ಫೋನಿನಲ್ಲಿ ತಂಗಿಗೆ ಹೇಳಿದಳು. "ನಿಮ್ಮ ಭಾವ ಬೆಕ್ಕನ್ನೂ ಬಿಟ್ಟು ನಿನ್ನ ಸಿಸ್ಟಂ ಬೋಳಿಸಿದ್ದಾರೆ. ಬಾ."

ನಾದಿನಿ ಬರುವ ತನಕ ಮಾಮ ದೊಡ್ಡ ಕುರ್ಚಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಕಂಪನಿಯವರು ಹುಡುಗಿಯ ಕೆರೆಯನ್ನು ಒಂದು ಸಲ ಕಿತ್ತುಕೊಂಡಿದ್ದರು, ಎರಡನೆಯ ಸಲ ತಾನೇ ಕಿತ್ತುಹಾಕಿದೆನಲ್ಲ ಎಂಬ ಸಂಕಟ. ನಾದಿನಿ ಬಂದು ನೋಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಯಂತ್ರ ಹಚ್ಚುವಾಗಲೇ ಒಂದು ಗುಂಡಿ ಹಿಡಿದಳು. ಪರದೆಯಲ್ಲಿ ಎರಡು ಸಾಲು ಬಂದವು: ಇವತ್ತಿನ ಸಿಸ್ಟಂ, ಮೊನ್ನೆಯ ಸಿಸ್ಟಂ. ಮೊನ್ನೆಯದನ್ನು ಆರಿಸಿದಳು. ಮೂರು ನಿಮಿಷದಲ್ಲಿ ದೋಣಿ, ನೀರು, ಬೆಂಡು.

"ಹಾಳು ಮಾಡೋ ಸ್ವಾತಂತ್ರ್ಯ ಕೊಟ್ಟವರು ಸರಿ ಮಾಡ್ಕೊಳ್ಳೋ ದಾರೀನೂ ಇಟ್ಟಿರ್ತಾರೆ. ಇನ್ನು ಮೇಲೆ ಇದಕ್ಕೆ ಕತ್ತರಿ ಹಾಕಿದ್ರೆ ಅಕ್ಕನ ಕೈಲಿ ನಿನ್ನ ತಲೆ ಕೊಡ್ತೀನಿ. ಮತ್ತೆ ನೋಡು, ಅಪ್‌ಡೇಟ್ ಬಂದ್ರೆ ಇದು ತಾನಾಗೇ ಮಾಡಲ್ಲ. ಈಗ್ಲಾ, ಆಮೇಲಾ ಅಂತ ಕೇಳುತ್ತೆ. ಆಮೇಲೆ ಅಂದ್ರೆ ಆಮೇಲೇ."

ಇದೇ ಸುದ್ದಿಯನ್ನು ಹೊತ್ತುಕೊಂಡು ಮರುದಿನ ಮಾಮ ಕನ್ನಡಕದ ಅಂಗಡಿಗೆ ಹೋದ. ಹುಡುಗಿ ಮಂಚದ ಕೆಳಗಿಂದ ಹೊರಬಂದಿದ್ದಳು. ಒಳಗಿನ ಕೋಣೆಯಲ್ಲಿ, ಅಕ್ಷರಗಳು ಸಣ್ಣದಾಗುತ್ತ ಹೋಗುವ ಕಣ್ಣಿನ ಪರೀಕ್ಷೆಯ ಹಲಗೆಯ ಕೆಳಗೆ ಕೂತು ಚೌಕಟ್ಟುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಅರ್ಧ ತಲೆ ಹಾಗೇ ಇತ್ತು. ಶಾಲೆಯಲ್ಲಿ ಮಕ್ಕಳು ಏನೇನು ಅಂದರೋ ತಾಯಿ ಹೇಳಲಿಲ್ಲ, ಮಾಮ ಕೇಳಲಿಲ್ಲ. ಈಜಿನ ತರಗತಿಗೆ ಒಂಬತ್ತೇ ದಿನ ಉಳಿದಿತ್ತು.

ಮಾಮ ಬಾಗಿಲ ಹತ್ತಿರವೇ ನಿಂತು ಎಲ್ಲ ವಿವರಿಸಿದ. ಹಳೆಯ ಸಿಸ್ಟಂ ತೆಗೆದೆವು, ಹೊಸದು ಹಾಕಿದೆವು, ಅದೇ ಕೆರೆ ಇದೆ, ಇನ್ನು ಪರದೆ ತಾನಾಗಿ ಕಪ್ಪಾಗುವುದಿಲ್ಲ.

ಹುಡುಗಿ ಚೌಕಟ್ಟಿನಿಂದ ಕಣ್ಣೆತ್ತಲಿಲ್ಲ. "ಯಾಕೆ ಆಗಲ್ಲ?"

"ಇದು ಕೇಳುತ್ತೆ ಕಂದ. ಏನಾದ್ರೂ ಮಾಡೋ ಮೊದ್ಲು ಈಗ್ಲಾ, ಆಮೇಲಾ ಅಂತ ನಮ್ಮನ್ನ ಕೇಳುತ್ತೆ. ಆ ಕಂಪನಿಯವರು ಕೇಳದೆ ಮಾಡಿಬಿಟ್ರು, ಅದಕ್ಕೇ ಹಾಗಾಯ್ತು."

ಅವಳು ಒಂದು ನೀಲಿ ಚೌಕಟ್ಟನ್ನು ನೀಲಿಯ ಸಾಲಿಗೆ ಸೇರಿಸಿದಳು. "ನೀವೂ ಕೇಳಲ್ಲ" ಎಂದಳು.

"ನಾನಾ?"

"ಬೆಂಡು ಅಲುಗಿದಾಗ ಕತ್ತರಿಸ್ತೀರಿ. ನನಗೆ ಗೊತ್ತಾಗ್ಬಾರ್ದು ಅಂತ. ನನಗೆ ಗೊತ್ತಾಗುತ್ತೆ. ಮೀನು ತಪ್ಪಿಹೋಗುತ್ತೆ ಅಂತ ಸುಮ್ನಿರ್ತೀನಿ."

ತಾಯಿ ಮಗಳನ್ನು ಗದರಿಸಲು ಬಾಯಿ ತೆರೆದಳು, ಮಾಮ ಕೈ ಅಡ್ಡ ಮಾಡಿದ. ಆ ಮಗು ಸಿಟ್ಟಿನಿಂದ ಹೇಳಿರಲಿಲ್ಲ. ಚೌಕಟ್ಟಿಗೆ ಒಂದು ಕಾಲು ಇಲ್ಲ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿತ್ತು. ಮಾಮ ಬಂದ ದಾರಿಯಲ್ಲೇ ಹಿಂದಿರುಗಿದ. ಕೆನ್ನೆಗೆ ಹೊಡೆದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಅಷ್ಟು ದಿನ ಅವನು ಕಂಪನಿಯವರನ್ನು ಬೀದಿ ತುಂಬ ಬೈದುಕೊಂಡು ತಿರುಗಿದ್ದ: ನನ್ನ ಅಂಗಡಿ, ನನ್ನ ಯಂತ್ರ, ಒಂದು ಮಾತು ಕೇಳಬಾರದಾ? ಈಗ ತನ್ನ ಕೈಗಳನ್ನೇ ನೋಡಿಕೊಳ್ಳುವ ಹಾಗಾಯಿತು. ಅಪ್ಪನ ಮೊಣಕಾಲಿನಿಂದ ಮಕ್ಕಳನ್ನು ಬಿಡಿಸಿದೆ ಎಂದುಕೊಂಡಿದ್ದ. ಬಿಡಿಸಿದ್ದೇನೋ ಹೌದು. ಅಪ್ಪ ಹಿಡಿದುಕೊಂಡು ಮಾಡುತ್ತಿದ್ದದ್ದನ್ನು ತಾನು ಕಣ್ಣು ತಪ್ಪಿಸಿ ಮಾಡಿದೆ, ಅದರ ಮೇಲೆ ಬಂದವರೆದುರು ಬಡಾಯಿ ಬೇರೆ. ಹೆಂಡತಿ ಎದುರು ಇದನ್ನು ಹೇಳಿದಾಗ ಅವಳು ಎಂದಿನಂತೆ ತಮಾಷೆ ಮಾಡಲಿಲ್ಲ. "ಹಾಗಾದ್ರೆ ಕೇಳಿ" ಎಂದಳು. "ಬಾಯಿದೆಯಲ್ಲ."

"ಒಂದೊಂದು ಕತ್ತರಿಗೂ ಕೇಳ್ತಾ ಕೂತ್ರೆ ಕಟಿಂಗ್ ಮುಗಿಯೋದು ಯಾವಾಗ? ಬೇಡ ಅಂದ್ಬಿಟ್ರೆ?"

"ಬೇಡ ಅಂದ್ರೆ ಬೇಡ. ಅದಕ್ಕೇ ತಾನೆ ಕೇಳೋದು?"

ಸೋಮವಾರ ಅವನು ಕನ್ನಡಕದ ಅಂಗಡಿಗೆ ಮತ್ತೆ ಹೋದ. ಈ ಸಲ ಕೆರೆಯ ಮಾತೆತ್ತಲಿಲ್ಲ. "ನೀನು ಹೇಳಿದ್ದು ಸರಿ, ನಾನು ಕೇಳಿಲ್ಲ, ತಪ್ಪಾಯ್ತು. ಬಂದ್ರೆ ಪ್ರತಿ ಸಲಾನೂ ಕೇಳ್ತೀನಿ. ಆಮೇಲೆ ಅಂದ್ರೆ ಮುಟ್ಟಲ್ಲ" ಎಂದ. ಹುಡುಗಿ ಎಲ್ಲ ಕತ್ತರಿಗೂ ಕೇಳುತ್ತೀರಾ ಎಂದು ವಿಚಾರಿಸಿದಳು. ಎಲ್ಲದಕ್ಕೂ ಎಂದ. ಮೆಷಿನ್‌ಗೆ? ಮೆಷಿನ್ ಬೇಡವೇ ಬೇಡ, ಕತ್ತರಿ ಮಾತ್ರ ಎಂದ. ಬಾಚಣಿಗೆಗೆ? ಬಾಚಣಿಗೆಗೂ ಎಂದ ಮಾಮ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ತಾಯಿಯ ಜೊತೆ ಬಂದಳು. ಕುರ್ಚಿ ಹತ್ತುವ ಮೊದಲು ಯಂತ್ರವನ್ನು ತಾನೇ ಹಚ್ಚಿದಳು. ಸ್ವತಂತ್ರ ಸಿಸ್ಟಂ ಏಳುವಾಗ ತಾನು ಮಾಡುತ್ತಿರುವುದನ್ನೆಲ್ಲ ಸಾಲು ಸಾಲಾಗಿ ತೋರಿಸುತ್ತದೆ. ಸದ್ದು ಸಿದ್ಧ, ಪರದೆ ಸಿದ್ಧ, ಹಿಡಿ ಸಿದ್ಧ. ನಾದಿನಿ ಅದನ್ನು ಮರೆಮಾಡಲು ಮರೆತಿದ್ದಳು, ಪಾಪ ನಾಚಿಕೊಂಡೂ ಇದ್ದಳು. ಹುಡುಗಿ ಮಾತ್ರ ಪ್ರತಿ ಸಾಲನ್ನೂ ಬಾಯಲ್ಲಿ ಮೆಲ್ಲಗೆ ಓದಿಕೊಂಡಳು, ಮುಗಿದ ಮೇಲೆ ಸಮಾಧಾನದಿಂದ ಕುರ್ಚಿ ಹತ್ತಿದಳು. ಕೆರೆ ತೆರೆಯಿತು.

"ಬಾಚಣಿಗೆ ಇಡ್ತೀನಿ, ಎಡಗಡೆ, ಕೆಳಗೆ. ಈಗ್ಲಾ, ಆಮೇಲಾ?"

"ಆಮೇಲೆ."

ಮಾಮ ಕಾದ. ಬೆಂಡು ಮುಳುಗಿತು, ಮೀನು ಬಂತು, ಬುಟ್ಟಿಗೆ ಬಿತ್ತು. ಗಾಳ ಮತ್ತೆ ನೀರಿಗೆ ಹೋಗುವ ಮೊದಲು ಅವಳು ಹಿಡಿಯನ್ನು ತೊಡೆಯ ಮೇಲಿಟ್ಟು, "ಈಗ" ಎಂದಳು.

ಹೀಗೆ ನಡೆಯಿತು ಆ ಕಟಿಂಗ್. ಮೀನು ಹಿಡಿಯುವಾಗ ಮೀನು, ಕೂದಲು ಕತ್ತರಿಸುವಾಗ ಕೂದಲು. ಇಪ್ಪತ್ತು ನಿಮಿಷದ ಕೆಲಸಕ್ಕೆ ಎರಡೂವರೆ ಗಂಟೆ. ಪಕ್ಕದ ಚಪ್ಪಲಿ ರಿಪೇರಿಯವನು ಗಡ್ಡ ತೆಗೆಸಲು ಬಂದವನು ಮುಖಕ್ಕೆ ಸೋಪು ಹಚ್ಚಿಸಿಕೊಂಡು ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಎರಡು ಸಲ ನೊರೆ ಒಣಗಿತು, ಎರಡು ಸಲ ತಾನೇ ಹಚ್ಚಿಕೊಂಡ. "ನನ್ನನ್ನೂ ಒಂದು ಸಲ ಕೇಳಪ್ಪ, ಈಗ್ಲಾ ಆಮೇಲಾ ಅಂತ" ಎಂದ ಕೊನೆಗೆ. ಕನ್ನಡಕದವಳು ಬೆಂಚಿನ ಮೇಲೆ ಕೂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದವಳು ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಗಂಟುಗಳು ಒಂದೊಂದೇ ಉದುರಿದವು. ಕಾಲುದಾರಿಗೆ ಸರಿಯಾಗಿ ಸುತ್ತ ಗಿಡ್ಡ ಮಾಡಿದ ಮೇಲೆ ಅದು ಅಷ್ಟೇನೂ ಕಾಣಿಸಲಿಲ್ಲ.

ಕೊನೆಗೆ ಉಳಿದದ್ದು ಎಡಗಿವಿಯ ಮುಂದೆ ಒಂದು ಎಳೆ. ಕಿರುಬೆರಳಿನ ದಪ್ಪ, ಗದ್ದದ ತನಕ ಉದ್ದ.

"ಇದೊಂದು. ಈಗ್ಲಾ, ಆಮೇಲಾ?"

"ಆಮೇಲೆ."

ಕಾದ. ಒಂದು ಮೀನು ಬಂತು. ಎರಡು ಬಂದವು. ಮತ್ತೆ ಕೇಳಿದ.

"ಆಮೇಲೆ. ಇವತ್ತಲ್ಲ" ಎಂದು ಹುಡುಗಿ ಕುರ್ಚಿಯಿಂದ ಇಳಿದಳು.

ಒಂದೇ ಒಂದು ಎಳೆ. ಕತ್ತರಿ ಅದರಿಂದ ಅರ್ಧ ಗೇಣು ದೂರದಲ್ಲಿತ್ತು. ಮಾಮನ ಹೆಬ್ಬೆರಳು ತನ್ನಷ್ಟಕ್ಕೇ ಕುಣಿಯಿತು. ಅಷ್ಟು ವರ್ಷಗಳಲ್ಲಿ ಅವನ ಅಂಗಡಿಯಿಂದ ಒಂದು ತಲೆಯೂ ಹಾಗೆ ಹೊರಗೆ ಹೋಗಿರಲಿಲ್ಲ. ಅವನು ಕತ್ತರಿಯ ಬಾಯಿ ಮುಚ್ಚಿ ಜೇಬಿಗೆ ಹಾಕಿಕೊಂಡು, ಕೊರಳಿನ ಬಟ್ಟೆ ಬಿಚ್ಚಿದ. ಬಾಗಿಲ ಹೊರಗೆ ಆ ಎಳೆ ಗಾಳಿಗೆ ಹಾರಾಡುತ್ತ ಹೋದದ್ದನ್ನು ಬೀದಿಯೆಲ್ಲ ನೋಡಿತು. "ಮಾಮನಿಗೆ ಕಣ್ಣು ಮಂಜಾಗಿದೆ, ಪಕ್ಕದಲ್ಲೇ ಕನ್ನಡಕದಂಗಡಿ ಇದೆಯಲ್ಲ" ಎಂದು ಚಪ್ಪಲಿಯವನು ಒಂದು ವಾರ ಎಲ್ಲರಿಗೂ ಹೇಳಿಕೊಂಡು ನಕ್ಕ. ಮಾಮ ಅದಕ್ಕೆಲ್ಲ ಒಂದೇ ಉತ್ತರ ಕೊಡುತ್ತಿದ್ದ, ಗಿರಾಕಿ ಹಾಗೆ ಹೇಳಿದರು ಎಂದು.

ಈಜುಕೊಳದವರು ಎಳೆಯನ್ನು ನೋಡಿ ತಲೆ ಕೆರೆದುಕೊಂಡು, ಕಿವಿ ಕಾಣಿಸುತ್ತದಲ್ಲ, ಇರಲಿ ಎಂದರಂತೆ. ಮೊದಲ ದಿನವೇ ಹುಡುಗಿ ನೀರಿನಿಂದ ಮೇಲೆ ಬರಲು ಒಪ್ಪಲಿಲ್ಲವಂತೆ. ತಾಯಿ ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಆ ವಾರದ ಶುಕ್ರವಾರ ಸಂಜೆ ಐದು ಗಂಟೆಯ ಹೊತ್ತು. ಅಂಗಡಿಯಲ್ಲಿ ಇಬ್ಬರು ಕಾಯುತ್ತಿದ್ದರು. ಬಾಗಿಲು ತಳ್ಳಿಕೊಂಡು ಹುಡುಗಿ ಬಂದಳು, ಒಬ್ಬಳೇ. ತಲೆ ಇನ್ನೂ ಒದ್ದೆ, ಮೈಯಿಂದ ಕೊಳದ ಔಷಧಿಯ ವಾಸನೆ. ಯಾರನ್ನೂ ನೋಡದೆ ಮಕ್ಕಳ ಕುರ್ಚಿ ಹತ್ತಿ ಕೂತಳು. ಮಾಮ ಯಂತ್ರ ಹಚ್ಚಲು ಬಗ್ಗಿದ.

"ಅದು ಬೇಡ" ಎಂದಳು. ಎಳೆಯನ್ನು ತಾನೇ ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಚಾಚಿದಳು. "ಮುಳುಗುವಾಗ ಬಾಯಿಗೆ ಬರುತ್ತೆ. ಈಗ."

ಕತ್ತರಿ ಒಮ್ಮೆ ಕಚಕ್ಕೆಂದಿತು. ಹುಡುಗಿ ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿಕೊಂಡಳು, ಬಲಕ್ಕೆ ತಿರುಗಿ ನೋಡಿಕೊಂಡಳು. "ಮುಂದಿನ ಸಲ ಹಿಂದುಗಡೆ ಇನ್ನೂ ಸ್ವಲ್ಪ ಗಿಡ್ಡ ಇರ್ಲಿ" ಎಂದಳು.

ಮೂವತ್ತೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತ ಸಾವಿರಾರು ಮಕ್ಕಳ ಕೂದಲು ಹೇಗಿರಬೇಕೆಂದು ಬೆಂಚಿನ ಮೇಲೆ ಕೂತ ಅಪ್ಪಂದಿರು, ಅಮ್ಮಂದಿರು ಹೇಳಿದ್ದರು. ಕುರ್ಚಿಯಿಂದ ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಪುರಸೊತ್ತೇ ಕೊಟ್ಟಿರಲಿಲ್ಲ ಅವನು.

"ಎಷ್ಟು ಗಿಡ್ಡ, ತೋರಿಸಿ" ಎಂದು ಮಾಮ ಅವಳೆದುರು ಬಗ್ಗಿ ನಿಂತ.